ನಶ್ಯದ ಮನೆಯ ಶಿವಮ್ಮನವರು

ಆ ಮನೆಗೆ ಬಂದವರೆಲ್ಲ ಸೀನುತ್ತಿದ್ದರು. ಹಾಲಿನವನು ಸೀನುತ್ತಿದ್ದ, ಅಂಚೆಯವನು ಗೇಟಿನಲ್ಲೇ ಸೀನಿ ಮುಗಿಸಿ ಒಳಗೆ ಬರುತ್ತಿದ್ದ, ಕಾಂಪೌಂಡಿನ ಮೇಲೆ ಮಲಗಿದ ಬೆಕ್ಕೂ ಸೀನುತ್ತಿತ್ತು. ಶಿವಮ್ಮನವರು ಮಾತ್ರ ಸೀನಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಹಣೆ ತುಂಬ ವಿಭೂತಿ, ಮುಂಗೈವರೆಗೂ ಕಂದು ಪುಡಿ, ಮುಂದೆ ಮೊರದ ತುಂಬ ನಶ್ಯ. ಅದರ ನಡುವೆ ಪೂಜೆಗೆ ಕೂತವರ ಹಾಗೆ ಕೂತಿರುತ್ತಿದ್ದರು.

ತೊಂಬತ್ತರ ದಶಕದಲ್ಲಿ, ಮದುವೆಯಾದ ಹೊಸತರಲ್ಲಿ, ನಾನೂ ನಮ್ಮ ಯಜಮಾನರೂ ಒಂಟಿಕೊಪ್ಪಲಿನ ಅವರ ಮನೆಯ ಮಹಡಿಗೆ ಬಾಡಿಗೆಗೆ ಹೋದೆವು. ಹಿತ್ತಲ ಶೆಡ್ಡಿನಲ್ಲಿ ಹೊಗೆಸೊಪ್ಪನ್ನು ಹುರಿದು, ಅರೆದು, ಸುಣ್ಣ ತುಪ್ಪ ಬೆರೆಸಿ ನಶ್ಯ ಮಾಡುತ್ತಿದ್ದರು. ಅವರ ಗಂಡನ ತಾತ ಮಾರ್ಕೆಟ್ಟಿನ ಹತ್ತಿರ ಚಾಪೆ ಹಾಸಿಕೊಂಡು ಶುರುಮಾಡಿದ ವ್ಯಾಪಾರ ಅದು. ಮಾವನವರ ಕಾಲಕ್ಕೆ ಅರಮನೆಯ ಗುಮಾಸ್ತರು, ಸಂಸ್ಕೃತದ ಪಂಡಿತರು ಮನೆ ಹುಡುಕಿಕೊಂಡು ಬರುವಷ್ಟು ಹೆಸರಾಗಿತ್ತು. ಗಂಡ ಮೂರು ಹೊತ್ತೂ ಹೊಗೆಸೊಪ್ಪು ಜಗಿಯುತ್ತಿದ್ದರಂತೆ. ಬಾಯಿ ಕ್ಯಾನ್ಸರ್ ಆಗಿ ಚಿಕ್ಕ ವಯಸ್ಸಿಗೇ ಹೋದರು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಮಗ ಮಹಾದೇವ ಆಗಿನ್ನೂ ಕೂಸು. ವ್ಯಾಪಾರ ನಾನು ನೋಡಿಕೊಳ್ಳುತ್ತೇನೆ ಎಂದು ಸೊಸೆ ಮುಂದೆ ಬಂದಾಗ ಮಾವನವರಿಗೆ ನಂಬಿಕೆ ಬರಲಿಲ್ಲ. ಬಟ್ಟಲುಗಳಲ್ಲಿ ಬೇರೆ ಬೇರೆ ನಶ್ಯ ಹಾಕಿ ಸಾಲಾಗಿ ಇಟ್ಟು, ನಮ್ಮದು ಯಾವುದು ಹೇಳು ಎಂದರಂತೆ.

“ಒಂದೊಂದೇ ಮೂಸ್ದೆ ಕಣಮ್ಮ,” ಎಂದು ಶಿವಮ್ಮನವರು ನನಗೆ ಹೇಳಿದ್ದರು. “ಇದ್ರಲ್ಲಿ ಯಾವ್ದೂ ನಮ್ದಲ್ಲ ಮಾವ, ನಮ್ದು ನಿಮ್ಮ ಸೊಂಟದ ಡಬ್ಬೀಲಿ ಮಾತ್ರ ಅದೆ ಅಂದ್ಬುಟ್ಟೆ. ಮಾವ ಡಬ್ಬಿ ಬಿಚ್ಚಿ ನನ್ನ ಕೈಗೇ ಕೊಟ್ರು.”

ಇದನ್ನು ಬೇರೆಯವರು ಹೇಳಿದ್ದರೆ ನಂಬುತ್ತಿರಲಿಲ್ಲ. ಆದರೆ ಒಲೆಗೆ ಬೆನ್ನುಹಾಕಿ ನಿಂತು, ನನ್ನ ಜೊತೆ ಹುಳಿಯ ಹದ ಮಾತಾಡುತ್ತಲೇ ಇದ್ದವರು ತಟ್ಟನೆ “ಇಳ್ಸು ಕೆಂಪಮ್ಮ” ಎನ್ನುತ್ತಿದ್ದರು. ಸೊಪ್ಪು ಹುರಿಯುತ್ತಿದ್ದ ಕೆಲಸದ ಕೆಂಪಮ್ಮ ಬಾಣಲೆ ಇಳಿಸುತ್ತಿದ್ದಳು. ಸೊಪ್ಪು ಸೀಯುವ ಮೊದಲಿನ ಆ ಗಳಿಗೆ ಅವರ ಮೂಗಿಗೆ ಹೇಗೆ ತಿಳಿಯುತ್ತಿತ್ತೋ, ನನಗೆ ಇವತ್ತಿಗೂ ಬೆರಗು.

ಆಗ ಪೆಟ್ಟಿಗೆ ಅಂಗಡಿಗಳಲ್ಲೆಲ್ಲ ಗುಟ್ಕಾ ಪೊಟ್ಟಣಗಳ ಮಾಲೆ ತೂಗತೊಡಗಿತ್ತು. ನಶ್ಯ ಕೇಳುವವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದರು. ಡಿಗ್ರಿ ಮುಗಿಸಿದ್ದ ಮಹಾದೇವ ಒಂದು ದಿನ ಗುಟ್ಕಾ ಕಂಪನಿಯವನೊಬ್ಬನನ್ನು ಮನೆಗೆ ಕರೆತಂದ. ಮನೆತನದ ಹೆಸರಿನಲ್ಲೇ ಪೊಟ್ಟಣ ಮಾಡೋಣ, ಮೆಷಿನ್ ನಾವು ಹಾಕುತ್ತೇವೆ ಎಂದ ಆತ. ಶಿವಮ್ಮನವರು ಕಾಫಿ ಕೊಟ್ಟರು. ಒಂದು ಪೊಟ್ಟಣ ಹರಿದು ಮೂಸಿದರು.

“ಸೊಪ್ಪಿನ ವಾಸ್ನೇನ ಅತ್ತರು ಹಾಕಿ ಮುಚ್ಚಿದ್ದೀರಲ್ಲ ಸ್ವಾಮಿ,” ಎಂದರು. “ನಮ್ಮ ಪುಡಿ ಮೊದಲ್ನೇ ಚಿಟಿಕೇಲೇ ಕೆನ್ನೆಗೆ ಹೊಡ್ದಂಗೆ ಹೊಡೀತದೆ. ಬೇಡ ಅನ್ನೋನು ಅಲ್ಲೇ ಬುಟ್ಬುಡ್ತಾನೆ. ಇದು ಮಿಠಾಯಿ ತರ ಕರೀತದೆ. ಮಕ್ಕಳು ಎಂಗೆ ಹೆದರ್ತಾವೆ?”

ಆತ ಎದ್ದು ಹೋದ. ಮಹಾದೇವ ಕೆಂಡವಾದ. ಮೆಟ್ಟಿಲ ಬಳಿ ನಾನು ನಿಂತಿರುವುದೂ ಅವನ ಕಣ್ಣಿಗೆ ಬೀಳಲಿಲ್ಲ.

“ಅವ್ವ, ಅಪ್ಪ ಸತ್ತಿದ್ದು ಯಾತರಿಂದ? ಅದೇ ಸೊಪ್ಪಿನ ಕಾಸಲ್ಲಿ ಅಲ್ವಾ ನನ್ನ ಓದ್ಸಿದ್ದು? ಈಗ ಊರ ಮಕ್ಕಳ ಮೇಲೆ ಪ್ರೀತಿ ಬಂದ್ಬುಡ್ತಾ?”

ಬೈಯುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡೆ. ಎರಡೂ ಇಲ್ಲ. ಕೈಯ ಪುಡಿಯನ್ನು ಮೊರಕ್ಕೆ ಕೊಡವಿದರು. ಆಮೇಲೆ “ನೀನು ಹೇಳೋದೂ ದಿಟ ಕಣಪ್ಪ” ಎಂದರು, ಅಷ್ಟೇ.

ಆ ವರ್ಷ ಹೊಸ ಸೊಪ್ಪು ತರಿಸಲಿಲ್ಲ. ಇದ್ದದ್ದು ಮುಗಿದ ದಿನ ಒಲೆ ಆರಿಸಿದರು. ಜಯಲಕ್ಷ್ಮಿಪುರಂನಿಂದ ನಿವೃತ್ತ ಮೇಷ್ಟ್ರೊಬ್ಬರು ಆಟೋ ಮಾಡಿಕೊಂಡು ಬಂದು, “ತಾಯಿ, ನನಗೊಬ್ಬನಿಗಾದರೂ ಮಾಡಿಕೊಡಿ” ಎಂದು ಕೈಮುಗಿದರು. “ನಿಮಗೊಬ್ರಿಗೆ ಮಾಡಿದ್ರೂ ಒಲೆ ಹಚ್ಚಲೇಬೇಕಲ್ಲ ಮೇಷ್ಟ್ರೇ” ಎಂದು ಊಟ ಹಾಕಿ ಕಳಿಸಿದರು.

ಕೆಲಸದ ಹೆಂಗಸರನ್ನು ಕೈಬಿಡಲಿಲ್ಲ. ಅದೇ ಶೆಡ್ಡಿಗೆ ಊದುಬತ್ತಿ ಹೊಸೆಯುವ ಕೆಲಸ ತಂದರು. ಮೊದಲ ಸಲ ಕಳಿಸಿದ ಬತ್ತಿಯೆಲ್ಲ ಹೊಗೆಸೊಪ್ಪು ನಾರುತ್ತದೆ ಎಂದು ವಾಪಸ್ ಬಂತು. “ತಾತ ಮುತ್ತಾತನ ವಾಸ್ನೆ, ಅಷ್ಟು ಸುಲಭಕ್ಕೆ ಹೋಗ್ತದಾ!” ಎಂದು ನಕ್ಕವರು ಮರುದಿನವೇ ನೆಲ ಅಗೆಸಿ ಹೊಸ ಮಣ್ಣು ತುಂಬಿಸಿದರು. ಮಹಾದೇವ ಹೂಟಗಳ್ಳಿಯ ಫ್ಯಾಕ್ಟರಿಗೆ ಸೇರಿದ. ತಾಯಿಯ ಜೊತೆ ಎಷ್ಟೋ ಕಾಲ ಮಾತು ಬಿಟ್ಟಿದ್ದ.

ನಾವು ಬೇರೆ ಮನೆಗೆ ಹೋದ ಮೇಲೂ ನಾನು ಆಗಾಗ ಹೋಗಿಬರುತ್ತಿದ್ದೆ. ಕೊನೆಯ ಸಲ ಕಂಡಾಗ ಅವರಿಗೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಅಷ್ಟು ಹೆಸರಾದ ವ್ಯಾಪಾರ ನಿಲ್ಲಿಸುವಾಗ ಸಂಕಟವಾಗಲಿಲ್ಲವೇ ಅಮ್ಮ ಎಂದು ಕೇಳಿದೆ.

“ಆಗ್ದೆ ಇರ್ತದಾ? ಹೆತ್ತ ಮಗೂನ ಮಣ್ಣು ಮಾಡ್ದಂಗಾಯ್ತು,” ಎಂದರು. “ಆದ್ರೆ ಅವತ್ತಿಂದ ನಮ್ಮ ಯಜಮಾನ್ರ ಫೋಟೋ ಮುಂದೆ ತಲೆ ಎತ್ತಿ ನಿಲ್ತೀನಿ ಕಣಮ್ಮ.”

ಆ ದಸರೆಗೆ ಮುಂಚೆ ಹೋಗಿಬಿಟ್ಟರು. ರುದ್ರಭೂಮಿಯಲ್ಲಿ ಎಲ್ಲರೂ ಮಣ್ಣು ಹಾಕಿ ಸರಿದ ಮೇಲೂ ಮಹಾದೇವ ಅಲ್ಲೇ ನಿಂತಿದ್ದ. “ಅವತ್ತು ಅಪ್ಪನ ಸಾವಿನ ಮಾತು ನಾನು ಆಡ್ಬಾರ್ದಾಗಿತ್ತು” ಎಂದು ಬಿಕ್ಕಿದ. ಪಕ್ಕದಲ್ಲಿದ್ದ ಕೆಂಪಮ್ಮ ಸೆರಗಿನಿಂದ ಅವನ ಮುಖ ಒರೆಸಿದಳು.

“ನೀನು ಆಡ್ದೇ ಇದ್ದಿದ್ರೆ ಇನ್ಯಾರಪ್ಪ ಆಡೋರು? ನಮಗ್ಯಾರಿಗೂ ಧೈರ್ಯ ಇರ್ಲಿಲ್ಲ. ನಡಿ, ಮನೇಲಿ ದೀಪ ಹಚ್ಬೇಕು.”