ಮೇಜಿನ ಕೆಳಗಿನ ಗ್ರೀಕು

ಯೋಕೋಹಾಮಾದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಆಂಟಿಗೆ ಕೈಯಲ್ಲೊಂದು ಕಿತ್ತಳೆ ಇಲ್ಲದೆ ಮಾತೇ ಹೊರಡುತ್ತಿರಲಿಲ್ಲ. ಕೊರೊನಾ ಬಂದು ಶಾಲೆ ಮುಚ್ಚಿದಾಗ, ಕಟ್ಟಡದ ಕನ್ನಡದ ಮಕ್ಕಳನ್ನೆಲ್ಲ ವಿಡಿಯೋ ಕಾಲ್‌ನಲ್ಲಿ ಕಲೆಹಾಕಿ ವಿಜ್ಞಾನದ ಇಂಗ್ಲಿಷ್ ಪದಗಳನ್ನು ಕಲಿಸತೊಡಗಿದರು. ಯಾರಾದರೂ ಥರ್ಮಾಮೀಟರ್ ಎಂದರೆ ಸಾಕು, ಕಿತ್ತಳೆ ಎರಡು ಹೋಳಾಗುತ್ತಿತ್ತು.

“ಥರ್ಮೋಸ್ ಅಂದ್ರೆ ಬಿಸಿ, ಮೆಟ್ರಾನ್ ಅಂದ್ರೆ ಅಳತೆ. ಎರಡೂ ಗ್ರೀಕು! ಪದ ಸುಲೀರಿ ಮಕ್ಕಳೇ, ಹೆದರಿಕೆ ಹೋಗುತ್ತೆ!” ಎಂದು ತೊಳೆಯೊಂದನ್ನು ಬಾಯಿಗೆಸೆದುಕೊಳ್ಳುವರು.

ಒಂದು ಮಧ್ಯಾಹ್ನ ಪಾಠದ ನಡುವೆಯೇ ಭೂಕಂಪದ ಎಚ್ಚರಿಕೆ ಬಂದು ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿದವು. ಮಕ್ಕಳು ಅಭ್ಯಾಸದಂತೆ ಮೇಜಿನ ಕೆಳಗೆ ನುಗ್ಗಿದರು. ಲ್ಯಾಪ್‌ಟಾಪ್ ಎಳೆದುಕೊಂಡು ಮಗಳ ಜೊತೆ ನಾನೂ ತೂರಿದೆ. ಆಂಟಿಯೂ ತಮ್ಮ ಮೇಜಿನ ಕೆಳಗೆ ಸೇರಿದ್ದರಿಂದ ಪರದೆಯಲ್ಲಿ ಅವರ ತುರುಬು ಮಾತ್ರ ಕಾಣುತ್ತಿತ್ತು.

“ಸೀಸ್ಮೋಗ್ರಾಫ್! ಸುಲೀರಿ! ಸೀಸ್ಮೋಸ್ ಅಂದ್ರೆ ನಡುಕ, ಗ್ರಾಫೋ ಅಂದ್ರೆ ಬರೆಯೋದು!”

“ಆಂಟಿ, ಸೋ ಈ ನಡುಕ ಈಗ ರೈಟಿಂಗ್ ಮಾಡ್ತಿದ್ಯಾ?” ಅಳು ನುಂಗಿಕೊಂಡು ಮಗಳು ಕೇಳಿದಳು.

“ಹೂಂ ಪುಟ್ಟಿ, ಹೋಮ್‌ವರ್ಕ್ ಬರೀತಿದೆ. ಮುಗಿಸ್ಕೊಳ್ಳಲಿ ಬಿಡು!”

ಅಷ್ಟೂ ಮನೆಗಳ ಮೇಜುಗಳ ಕೆಳಗಿನಿಂದ ನಗು ಉಕ್ಕಿತು. ದೀಪ ತೂಗಾಡುವುದು ನಿಂತರೂ ನಗು ನಿಲ್ಲಲಿಲ್ಲ.

ಸಂಜೆ ಮಾಸ್ಕ್ ಹಾಕಿಕೊಂಡು ಥ್ಯಾಂಕ್ಸ್ ಹೇಳಲು ಮೇಲೆ ಹೋದೆ. ಭೂಮಿ ನಡುಗಿದಾಗ ಓಡಲು ದಾರಿಯಿರಲೆಂದು ತೆರೆದಿಟ್ಟ ಬಾಗಿಲು ತೆರೆದೇ ಇತ್ತು. ಆಂಟಿ ಇನ್ನೂ ಮೇಜಿನ ಕೆಳಗೇ ಕೂತಿದ್ದರು, ಸುತ್ತ ಕಿತ್ತಳೆ ಸಿಪ್ಪೆಯ ಗುಡ್ಡೆ.

“ಫೋಬಿಯಾ ಕಣಮ್ಮ,” ಎಂದರು. “ಫೋಬೋಸ್ ಅಂದ್ರೆ ಹೆದರಿಕೆ. ಇದೊಂದನ್ನ ಎಷ್ಟು ಸುಲಿದ್ರೂ ಒಳಗೂ ಅದೇ ಇದೆ. ಬಾ, ಜಾಗ ಇದೆ.”