ಗುರಣ್ಣನ ಎಲೆಗೆ ಬಡಿಸಿದ್ದು

ಮೊನ್ನೆ ಡ್ಯಾಲಸ್ ಪಕ್ಕದ ಪ್ಲೇನೋದಲ್ಲಿ ಸೊಸೆ ಕಾರಿಗೆ ಪೆಟ್ರೋಲ್ ತುಂಬಿಸುತ್ತಿದ್ದಳು. ನಾನು ರೆಸ್ಟ್‌ರೂಮಿನ ನೆಪ ಹೇಳಿ ಅಂಗಡಿಯೊಳಗೆ ಹೋದೆ. ಈ ವಯಸ್ಸಿನಲ್ಲಿ ಅದು ನೆಪವೂ ಅಲ್ಲ, ಬಿಡಿ. ಕೌಂಟರಿನ ಪಕ್ಕ ಒಬ್ಬ ಹುಡುಗಿ ನಾಚೋಸ್ ಎಂಬ ಮೆಕ್ಕೆಜೋಳದ ಚಿಪ್ಸ್ ಮೇಲೆ ಮೆಶಿನ್ನಿನಿಂದ ಹಳದಿ ಚೀಸ್ ಬಿಟ್ಟುಕೊಂಡು, ಅದರ ಮೇಲೆ ವಿನಿಗರಿನಲ್ಲಿ ನೆನೆದ ಹಾಲಪೀನ್ಯೊ ಮೆಣಸಿನಕಾಯಿಯ ಬಿಲ್ಲೆಗಳನ್ನು ಸುರಿದುಕೊಳ್ಳುತ್ತಿದ್ದಳು. ಆ ಹುಳಿಖಾರದ ವಾಸನೆ ಮೂಗಿಗೆ ಬಡಿದದ್ದೇ ನನಗೆ ವೈಕುಂಠ ಸಮಾರಾಧನೆ ನೆನಪಾಯಿತು. ನಗಬೇಡಿ. ಪೂರ್ತಿ ಕೇಳಿದ ಮೇಲೆ ನಗುವಿರಂತೆ.

ಗುರಣ್ಣ ಹುಬ್ಬಳ್ಳಿಯವನು, ಪಕ್ಕದೂರು ಅಲೆನ್‌ನಲ್ಲಿ ಮನೆ ಮಾಡಿದ್ದ ಇಂಜಿನಿಯರ್. ನನಗಿಂತ ಹದಿನೈದು ವರ್ಷ ಚಿಕ್ಕವನಾದರೂ ಎಲ್ಲರಿಗೂ ಅಣ್ಣನಾಗಿದ್ದರಿಂದ ನನಗೂ ಗುರಣ್ಣನೇ. ಅವನಿಗೆ ಬೇಸ್‌ಬಾಲ್ ಒಂದು ಹುಚ್ಚು, ಸೈನ್ಸ್ ಫಿಕ್ಷನ್ ಇನ್ನೊಂದು. ಕೈಯಲ್ಲಿದ್ದದ್ದನ್ನು ಕೊಟ್ಟುಬಿಡುವುದನ್ನೂ ಹುಚ್ಚು ಎನ್ನುವುದಾದರೆ ಅದು ಮೂರನೆಯದು. ಲಿಟಲ್ ಎಲ್ಮ್‌ನಲ್ಲಿ ಯಾರದಾದರೂ ಗೃಹಪ್ರವೇಶವೆಂದರೆ ಉಳಿದವರು ಬೆಳ್ಳಿಯ ಕುಂಕುಮ ಭರಣಿ ಒಯ್ಯುತ್ತಿದ್ದೆವು, ಇವನು ರಾಕೆಟ್ ಚಿತ್ರವಿದ್ದ ದಪ್ಪ ಕಾದಂಬರಿ. ನಮ್ಮ ಭರಣಿಗಳು ಮನೆಯಿಂದ ಮನೆಗೆ ತಿರುಗಿ ಕೊನೆಗೆ ಕೊಟ್ಟವರ ಮನೆಗೇ ಬಂದು ಸೇರುತ್ತಿದ್ದವು. ಅವನ ಪುಸ್ತಕಗಳು ಮಾತ್ರ ಇಟ್ಟಲ್ಲೇ ಇರುತ್ತಿದ್ದವು. ನನ್ನ ಮನೆಯಲ್ಲಿ ಒಂದು ಬಹಳ ವರ್ಷ ವೆಟ್ ಗ್ರೈಂಡರ್ ಅಲುಗಾಡದಂತೆ ಅದರ ಕಾಲಿನ ಕೆಳಗಿತ್ತು.

"ಓದಿದ್ರೇನ್ರಿ ಅಕ್ಕಾರ?" ಎಂದು ಕೇಳುತ್ತಿದ್ದ.

"ಫ್ಯಾಸಿನೇಟಿಂಗ್," ಎನ್ನುತ್ತಿದ್ದೆ. ಸುಳ್ಳು ಹೇಳುವುದು ಪಾಪವೆಂದು ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದರು. ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದರೆ ಅಷ್ಟು ಪಾಪವಲ್ಲವೆಂದು ನಾನಾಗಿ ಕಲಿತುಕೊಂಡೆ.

ಬೇಸಿಗೆಯಲ್ಲಿ ಮಕ್ಕಳ ಮನೆಗೆ ಬಂದು, ಹಗಲೆಲ್ಲ ಕಿಟಕಿಯಿಂದ ಖಾಲಿ ರಸ್ತೆ ನೋಡುತ್ತ ಕೂರುವ ಅಪ್ಪ ಅಮ್ಮಂದಿರನ್ನು ಗುರಣ್ಣ ಸರದಿಯ ಪ್ರಕಾರ ಬೇಸ್‌ಬಾಲ್ ಮೈದಾನಕ್ಕೆ ಕರೆದೊಯ್ಯುತ್ತಿದ್ದ. ತಲೆಗೊಂದು ಟೋಪಿ, ಕೈಗೊಂದು ನಾಚೋಸ್ ತಟ್ಟೆ, ಟಿಕೆಟ್ ಅವನದೇ. ಪಂಚೆ ಉಟ್ಟವರೂ ಟೋಪಿ ಹಾಕಿಕೊಂಡು ಕೂಗುವುದನ್ನು ಕಂಡಿದ್ದೇನೆ, ಯಾವ ಕಡೆಗೆ ಕೂಗುತ್ತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ ಅಷ್ಟೆ. ಆಟದ ರೂಲ್ಸ್ ಏನೆಂದು ನಾನೊಮ್ಮೆ ಕೇಳಿದೆ.

"ಮನಿಯಿಂದ ಹೊಂಟು ಮನಿಗೇ ಬರಬೇಕ್ರಿ. ನಡುವ ಮೂರು ಕಡೆ ನಿಂತು ದಮ್ಮು ತಗೋಬಹುದು. ಅಷ್ಟ ಆಟ."

"ಅಷ್ಟಕ್ಕೆ ಮನೆಯಿಂದ ಹೊರಡೋದಾದರೂ ಯಾಕಪ್ಪ?"

"ಅದನ್ನ ವೀಸಾ ಆಫೀಸರ್ ನಿಮ್ಮನ್ನ ಕೇಳಲಿಲ್ಲೇನ್ರಿ?"

ಒಂದು ವರ್ಷ ನಮ್ಮೂರ ಟೀಮ್ ಕಪ್ ಗೆಲ್ಲುವುದಕ್ಕೆ ಒಂದೇ ಒಂದು ಎಸೆತ ಬಾಕಿ ಇತ್ತು. ಗುರಣ್ಣ ಮೊದಲೇ ಡಬ್ಬಿಗಟ್ಟಲೆ ಪೇಡೆ ಮಾಡಿಸಿಟ್ಟಿದ್ದ. ಆ ಎಸೆತ ಕೈಕೊಟ್ಟಿತು, ಕಪ್ಪೂ ಹೋಯಿತು. ಮರುದಿನ ಅವನು ಮನೆಮನೆಗೂ ಹೋಗಿ ಪೇಡೆ ಕೊಟ್ಟ. "ಗೆದ್ದರ ಎಲ್ಲಾರೂ ಹಂಚತಾರ, ಅದರಾಗೇನದ?" ಎಂದ. ಅವನ ಕಣ್ಣುಗಳು ಕೆಂಪಾಗಿದ್ದವು. ನಾವು ಅದನ್ನು ಹೂಪರಾಗದ ಅಲರ್ಜಿಯೆಂದುಕೊಂಡು ಪೇಡೆ ತಿಂದೆವು.

ಇನ್ನು ಆಸ್ಟಿನ್ ವಿಷಯ. ಸೈನ್ಸ್ ಫಿಕ್ಷನ್ ಪ್ರಿಯರ ಕೂಟವೊಂದು ಅಲ್ಲಿ ನಡೆಯುತ್ತಿತ್ತು. ಒಮ್ಮೆ ಅವನೂ ಹೆಂಡತಿ ವತ್ಸಲಾಳೂ ಹೊರಟಾಗ ಕಾರಿನಲ್ಲಿ ಜಾಗವಿದೆ, ಬನ್ನಿ ಎಂದರು. ಕನ್ನಡ ಸಂಘದವರಿಗೂ ಮನೆಯವರಿಗೂ ಆಸ್ಟಿನ್ ದೇವಸ್ಥಾನಕ್ಕೆ ಹೋಗುತ್ತಿದ್ದೇನೆಂದು ಹೇಳಿ ಹೋದೆ. ಅಲ್ಲಿ ಜನ ಹಸಿರು ಮುಖ, ಮೂರು ಕಣ್ಣು ಏನೇನೋ ಮಾಡಿಕೊಂಡಿದ್ದರು. ಸ್ಪ್ರಿಂಗಿನ ಎರಡು ಕೊಂಬುಗಳಿದ್ದ ಹೇರ್‌ಬ್ಯಾಂಡನ್ನು ಗುರಣ್ಣ ನನ್ನ ತಲೆಗೇರಿಸಿದ. ರೇಷ್ಮೆ ಸೀರೆ, ವಜ್ರದ ಬೇಸರಿ, ಮೇಲೆ ತೂಗಾಡುವ ಕೊಂಬು. ಹಾದುಹೋದವರೆಲ್ಲ ನನ್ನ ಜೊತೆ ಫೋಟೋ ಹೊಡೆಸಿಕೊಂಡರು. ಯಾವ ಗ್ರಹದವರು ನೀವು ಎಂದೊಬ್ಬ ಕೇಳಿದ. "ಮೈಸೂರು," ಎಂದೆ. ಅಷ್ಟು ನಕ್ಕ ದಿನ ನನ್ನ ಬಾಳಿನಲ್ಲಿ ಹೆಚ್ಚಿಲ್ಲ. ಮನೆಗೆ ಬಂದವಳೇ ಎಲ್ಲರಿಗೂ ಕುಂಕುಮ ಪ್ರಸಾದ ಕೊಟ್ಟೆ, ನನ್ನದೇ ಭರಣಿಯದು.

ಗುರಣ್ಣ ಹೋಗಿದ್ದು ಒಂದು ಮಂಗಳವಾರ, ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ, ಹೃದಯ ನಿಂತು.

ಡ್ಯಾಲಸ್ ಸುತ್ತಮುತ್ತ ಕನ್ನಡಿಗರು ತೀರಿಕೊಂಡರೆ ಸಂಘದ ಇಮೇಲ್ ಬರೆಯುವವಳು ನಾನೇ. ನನ್ನ ಬಳಿ ಒಂದು ಸಿದ್ಧ ಅಚ್ಚಿತ್ತು: ಸರಳಜೀವಿ, ಮೃದುಭಾಷಿ, ದಾಸರ ಪದಗಳ ಪ್ರೇಮಿ. ಹೆಸರು ಬದಲಾಯಿಸಿದರೆ ಸಾಕು, ಯಾರಿಗಾದರೂ ಒಪ್ಪುತ್ತಿತ್ತು. ಗುರಣ್ಣನಿಗೂ ಅದನ್ನೇ ತೊಡಿಸಿದೆ. "ಹೋಳಿಗೆಯೆಂದರೆ ಅವರಿಗೆ ಪ್ರಾಣ" ಎಂಬ ಸಾಲನ್ನು ಯಾರಿಗೆ ಬರೆದದ್ದೋ, ಅಳಿಸಲು ಮರೆತೆ.

ಎರಡು ದಿನದ ಮೇಲೆ ವತ್ಸಲಾ ಫೋನ್ ಮಾಡಿದಳು.

"ಅಕ್ಕಾರ, ನಿಮ್ಮ ಇಮೇಲ್ ಓದಿದೆ. ಭಾಳ ಚಂದ ಬರದೀರಿ." ಆಮೇಲೆ ಕೇಳಿದಳು: "ಯಾರ್ರಿ ಇವರು?"

ನಾನು ಕಳಿಸಿದ್ದನ್ನು ತೆರೆದು ನೋಡತೊಡಗಿದೆ.

"ನಮ್ಮ ಮನಿಯವರು ಹೋಳಿಗಿ ಕಂಡ್ರ ಎದ್ದು ಹೋಗತಿದ್ರು. ನಿಮ್ಮ ಇಮೇಲ್ ನೋಡಿ ಸಂಘದವರು ಹದಿಮೂರನೇ ದಿನಕ್ಕ ಹೋಳಿಗಿ ಆರ್ಡರ್ ಮಾಡ್ಯಾರ. ಅವತ್ತ ಹೋದವರಿಗೆ ಸೇರಿದ್ದು ಎಲಿಗೆ ಬೀಳಬೇಕಲ್ಲರಿ. ಇಲ್ಲಂದ್ರ ಬ್ಯಾರೆ ಯಾರನ್ನೋ ಕಳಿಸಿಕೊಟ್ಟಂಗ ಆಗತದ."

"ಏನು ಮಾಡೋಣ ವತ್ಸಲಾ?"

"ನಾಚೋಸ್."

ಹೀಗೆ ಎಪ್ಪತ್ತರ ಹತ್ತಿರದ ನಾನು ಮಡಿಯುಟ್ಟು ಮೆಕ್ಕೆಜೋಳದ ಟೋರ್ಟಿಯಾ ರೊಟ್ಟಿ ಕತ್ತರಿಸಿ ಕರಿದೆ. ಚೀಸಿನ ಡಬ್ಬಿಯ ಮೇಲಿದ್ದದ್ದನ್ನು ಕನ್ನಡಕ ಹಾಕಿಕೊಂಡು ಓದಿದೆ. ಅದರಲ್ಲಿ ಪ್ರಾಣಿಯ ಅಂಶ ಯಾವುದೂ ಇರಲಿಲ್ಲ, ಚೀಸಿನ ಅಂಶವೂ ಇದ್ದಂತೆ ಕಾಣಲಿಲ್ಲ. ಬಡಿಸುವ ಹೆಂಗಸರಲ್ಲಿ ದೊಡ್ಡ ಚರ್ಚೆ: ಇದನ್ನು ಎಲೆಯ ಯಾವ ಜಾಗಕ್ಕೆ ಹಾಕುವುದು? ಹಪ್ಪಳದ ಜಾಗಕ್ಕೆ ನಾಚೋಸ್, ಉಪ್ಪಿನಕಾಯಿಯ ಜಾಗಕ್ಕೆ ಹಾಲಪೀನ್ಯೊ ಎಂದು ನಾನು ತೀರ್ಪು ಕೊಟ್ಟೆ. ಸಂಘದ ಸೆಕ್ರೆಟರಿ ನನ್ನನ್ನು ಪಕ್ಕಕ್ಕೆ ಕರೆದ.

"ಆಂಟಿ, ಜನ ಏನಂತಾರೆ? ಆಚಾರ್ರು ಎದ್ದು ಹೋದರೆ?"

ಆಚಾರ್ರು ಹ್ಯೂಸ್ಟನ್ನಿನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದವರು. ಎಲೆಯನ್ನು ಬಹಳ ಹೊತ್ತು ನೋಡಿದರು. ವತ್ಸಲಾ ಸೆರಗು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಈ ಮೆಕ್ಕೆಜೋಳ ಶಾಸ್ತ್ರದಾಗ ಇಲ್ಲ," ಎಂದರು ಆಚಾರ್ರು. "ಬ್ಯಾಡ ಅಂತನೂ ಇಲ್ಲ. ಶಾಸ್ತ್ರ ಬರದವರು ಇದನ್ನ ನೋಡಿರಲಿಲ್ಲ." ಆಮೇಲೆ ದನಿ ತಗ್ಗಿಸಿ, "ಹ್ಯೂಸ್ಟನ್ನಿಗೆ ಮ್ಯಾಚಿಗೆ ಬಂದಾಗ ಗುರಣ್ಣನವರು ನನ್ನನ್ನೂ ಎಳಕೊಂಡು ಹೋಗಿದ್ದರು. ಚೀಸ್ ಸ್ವಲ್ಪ ಜಾಸ್ತಿ ಹಾಕ್ರಿ, ಅವರು ಹಂಗ ಹಾಕಿಸ್ಕೋತಿದ್ರು," ಎಂದರು.

ಆ ದಿನ ವತ್ಸಲಾ ಮೊದಲ ಸಲ ಅತ್ತಳು. ಸೆಕ್ರೆಟರಿ ಎರಡನೆಯ ಸಲ ಹಾಕಿಸಿಕೊಂಡ. ಹೋಳಿಗೆ ಹಾಗೇ ಉಳಿಯಿತು.

ಮನೆಗೆ ಬಂದು ಇಮೇಲನ್ನು ಮೊದಲಿನಿಂದ ಬರೆದು ಕಳಿಸಿದೆ. ಪೇಡೆ, ಟೋಪಿಗಳು, ರಾಕೆಟ್ಟಿನ ಪುಸ್ತಕ ಎಲ್ಲವನ್ನೂ ಹಾಕಿದೆ. ಗ್ರೈಂಡರಿನ ಕೆಳಗಿದ್ದದ್ದನ್ನು ಎಳೆದು ಒರೆಸಿ ಓದಿದೆ. ಸುಳ್ಳು ಹೇಳುವುದಿಲ್ಲ, ಅರ್ಧಕ್ಕರ್ಧ ತಲೆಗೆ ಹತ್ತಲಿಲ್ಲ. ಆದರೆ ಆಸ್ಟಿನ್ ಪ್ರವಾಸವನ್ನು ಮಾತ್ರ ಆ ಇಮೇಲಿನಲ್ಲೂ ಬರೆಯಲಿಲ್ಲ. ಬರೆದರೆ ಕೊಂಬಿನ ಕಥೆಯೂ ಬರುತ್ತಿತ್ತು.

ಮೊನ್ನೆ ನಾಚೋಸ್ ತಟ್ಟೆ ಹಿಡಿದು ಕಾರಿಗೆ ಬಂದೆ.

"ಅತ್ತೆ, ನಿಮಗೆ ಬಿಪಿ," ಎಂದಳು ಸೊಸೆ.

"ಇರಲಿ ಕಣೆ. ನಿನಗೊಂದು ಮಾತು ಹೇಳಬೇಕು. ಅವತ್ತು ಆಸ್ಟಿನ್‌ನಲ್ಲಿ ನಾನು ದೇವಸ್ಥಾನಕ್ಕೆ ಹೋಗಿರಲಿಲ್ಲ."

ಅವಳು ಕಾರು ಸ್ಟಾರ್ಟ್ ಮಾಡುತ್ತ, "ಗೊತ್ತು ಅತ್ತೆ. ಗುರಣ್ಣ ಅಂಕಲ್ ಅವತ್ತೇ ಫೋಟೋ ಕಳಿಸಿದ್ದರು," ಎಂದಳು.

ಅವತ್ತು ಇವರೆಲ್ಲ ನನ್ನ ಕುಂಕುಮ ಪ್ರಸಾದವನ್ನು ಕಣ್ಣಿಗೊತ್ತಿಕೊಂಡದ್ದು ನೆನಪಾಯಿತು. ಬಾಯಲ್ಲಿದ್ದ ಹಾಲಪೀನ್ಯೊ ನೆತ್ತಿಗೇರಿತು.

"ಆ ಫೋಟೋ ಇಟ್ಟಿದ್ದೀಯಾ?"

"ಇದೆ."

"ಹಾಗಾದರೆ ನನಗೆ ಹಾರ ಹಾಕುವ ದಿನ ಅದನ್ನೇ ಇಡಿ. ಹಾರ ಕೊಂಚ ಕೆಳಗಿರಲಿ, ಕೊಂಬು ಮುಚ್ಚಬಾರದು."