ಮೂರಡಿಗಿಂತ ಆಳ

ಹೋದ ಭಾನುವಾರ ಹೊಳವನಹಳ್ಳಿಯಿಂದ ಚಿಕ್ಕಮ್ಮನ ಫೋನು. ಪೇಪರ್‌ಗೆ ಬರೀತೀಯಲ್ಲ, ಬಂದು ಒಂದು ಪತ್ರ ಓದಿ ಹೇಳು ಅಂದಳು. ಮಧುಗಿರಿಯಲ್ಲಿ ಬಸ್ ಹತ್ತುವಾಗ ನನಗೆ ಎಲ್ಲಿಲ್ಲದ ಹೆಮ್ಮೆ. (ನಾನು ಬರೆಯುತ್ತೇನೆ ಅಂತ ನೆಂಟರಲ್ಲಿ ನೆನಪಿಟ್ಟುಕೊಂಡಿರುವವಳು ಇವಳೊಬ್ಬಳೇ.)

ಪತ್ರ ಯಾವುದೋ ಕಂಪನಿಯದು. ಶಿರಾ ಮಿಲ್ಲುಗಳಿಂದ ಕಡ್ಲೆಕಾಯಿ ಸಿಪ್ಪೆ ತಂದು, ಗಾಳಿ ತಾಗದಂತೆ ಸುಟ್ಟು ಇದ್ದಿಲು ಮಾಡಿ, ಚಿಕ್ಕಮ್ಮನ ಹೊಲದ ಮಣ್ಣಿಗೆ ಬೆರೆಸುತ್ತಾರಂತೆ. ಸಿಪ್ಪೆ ಒಲೆಗೆ ಹೋದರೆ ಅದರ ಕಾರ್ಬನ್ ಹೊಗೆಯಾಗಿ ಮೇಲೆ ಹೋಗುತ್ತದೆ. ಇದ್ದಿಲಾದರೆ ನೂರಾರು ವರ್ಷ ಮಣ್ಣಲ್ಲೇ ಬಂದಿ. ಎಲ್ಲೋ ಹೊಗೆ ಬಿಡುವ ಫ್ಯಾಕ್ಟರಿಯವರು ತಮ್ಮ ಹೊಗೆಯ ಲೆಕ್ಕ ಸರಿದೂಗಿಸಲು ಇದರ ಖರ್ಚು ನೋಡಿಕೊಳ್ಳುತ್ತಾರೆ. ಒಳ್ಳೇದೇ ಅಲ್ವಾ?

ಒಳ್ಳೇದೇ, ಸೈನ್ ಹಾಕು ಅಂದೆ. ಹತ್ತು ಪುಟದಲ್ಲಿ ನಾನು ಓದಿದ್ದು ಎರಡು. ಉಳಿದದ್ದೂ ಕನ್ನಡದಲ್ಲೇ ಇತ್ತು, ಆದರೆ ತಲೆಬುಡ ತಿಳಿಯಲಿಲ್ಲ. ಹಾಗಂತ ಹೇಳೋಕೆ ಮರ್ಯಾದೆ ಅಡ್ಡ ಬಂತು.

ಚಿಕ್ಕಮ್ಮ ಪೆನ್ನು ಮುಟ್ಟಲಿಲ್ಲ. ಕಂಪನಿಯಿಂದ ಬಂದಿದ್ದ ಮೇಡಂ ಕೈಯಲ್ಲಿ (ಪಾಪ, ಮೂರನೇ ಸಲ ಬಂದಿದ್ದರು) ಒಂದೊಂದೇ ಪುಟ ಬಿಡಿಸಿ ಹೇಳಿಸಿದಳು. ಏಳನೇ ಪುಟಕ್ಕೆ ತಡೆದಳು. ಬೆರೆಸಿದ ಇದ್ದಿಲು ಕದಲಬಾರದು, ಅದಕ್ಕೇ ನೂರು ವರ್ಷ ಆ ಹೊಲದಲ್ಲಿ ಮೂರಡಿಗಿಂತ ಆಳ ಅಗೆಯಕೂಡದು ಅಂತಿತ್ತು. ಉಳುಮೆಗೆ ಅಡ್ಡಿಯಿಲ್ಲ. ಬೋರ್‌ವೆಲ್ ಕೊರೆಸೋದಾದರೆ ಮೂವತ್ತು ದಿನ ಮುಂಚೆ ಅರ್ಜಿ ಹಾಕಬೇಕು.

ಚಿಕ್ಕಮ್ಮ ಹೊಲದ ಮೂಲೆಯ ಹೊಂಗೆ ಮರ ತೋರಿಸಿದಳು. ಅದರಡಿ ಚಿಕ್ಕಪ್ಪನ ಸಮಾಧಿ. ನಮ್ಮ ಮನೆತನದಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡೋದು. ಸಮಾಧಿ ಪಕ್ಕ ಒಂದಾಳುದ್ದ ಜಾಗ ಖಾಲಿ ಇದೆ. ಚಿಕ್ಕಪ್ಪ ಹೋದಾಗಿನಿಂದ ಅಲ್ಲಿಗೆ ನೇಗಿಲು ತಾಗಲು ಚಿಕ್ಕಮ್ಮ ಬಿಟ್ಟಿಲ್ಲ.

"ಅವ್ರ ಪಕ್ದಾಗೆ ನನ್ ಜಾಗ ಕಣವ್ವ. ಮೂರಡೀಲಿ ಹೂತ್ರೆ ನಾಯಿ ನರಿ ಬುಡ್ತಾವಾ?"

ಮೇಡಂ ಪುಟ ತಿರುವಿದರು. ಅರ್ಜಿ ಹಾಕಿ ಅಗೆಯಬಹುದಾದ ಪಟ್ಟಿಯಲ್ಲಿ ಕೃಷಿಹೊಂಡ ಇತ್ತು, ಮನೆ ಪಾಯ ಇತ್ತು, ಸಾವು ಇರಲಿಲ್ಲ. ಆ ಮೂಲೆ ಬಿಟ್ಟುಬಿಡಿ ಅಂತ ನಾನಂದರೆ, ಪತ್ರ ಇಡೀ ಸರ್ವೆ ನಂಬರಿಗೆ ಆಗಿದೆಯಂತೆ. ನಾನು ಮಧುಗಿರಿಯ ವಕೀಲ ಗೆಳೆಯನಿಗೆ ಫೋನ್ ಮಾಡಿದೆ. ಹೂತಿಟ್ಟ ಕಾರ್ಬನ್ ಯಾರದು? ಹೊಲ ಭಾಗವಾದರೆ ಷರತ್ತು ಯಾರ ತಲೆಗೆ? ಇದಕ್ಕೆ ಯಾವ ಕಾನೂನು? ಗೊತ್ತಿಲ್ಲ ಕಣಯ್ಯಾ ಅಂದ. ಆ ಮಾತನ್ನು ಬೆಳಗ್ಗೆಯೇ ಹೇಳುವ ಧೈರ್ಯ ನನಗಿರಲಿಲ್ಲವಲ್ಲ ಅಂತ ನಾಚಿಕೆಯಾಯಿತು.

ಭೂಮಿ ಬಿಸಿಯಾಗುತ್ತಿರೋದು ಸುಳ್ಳಲ್ಲ. ಮೇಡಂ ಕೆಟ್ಟವರಲ್ಲ. ಚಿಕ್ಕಮ್ಮ ಕೇಳಿದ್ದು ತಪ್ಪಲ್ಲ. ಹಾಗಾದರೆ ತಪ್ಪು ಎಲ್ಲಿದೆ? ನನಗಂತೂ ತಲೆ ಕೆಟ್ಟು ಹೋಗಿದೆ.

ಕೊನೆಗೆ ಕಂಪನಿಯ ಕಾನೂನು ವಿಭಾಗದವರೇ ಫೋನಿನಲ್ಲಿ ದಾರಿ ಹೇಳಿದರು. ಬೋರ್‌ವೆಲ್ ಥರಾನೇ ಇದಕ್ಕೂ ಅರ್ಜಿ ಹಾಕಿ, ಪರಿಶೀಲಿಸುತ್ತೇವೆ. ಅರ್ಜಿ ಪಾಸಾದ ಮೇಲೇ ಸೈನು ಅಂದಳು ಚಿಕ್ಕಮ್ಮ. ಅದನ್ನು ತುಂಬೋ ಕೆಲಸ ನನ್ನ ಪಾಲಿಗೆ ಬಂತು.

ಫಾರಂ ಮುಂದಿಟ್ಟುಕೊಂಡು ಮೂರು ದಿನವಾಯಿತು. ಹೆಸರು ಬರೆದೆ. ಸರ್ವೆ ನಂಬರ್ ಬರೆದೆ. ಆಳ ಆರಡಿ ಅಂತಲೂ ಬರೆದೆ.

'ಅಗೆಯುವ ದಿನಾಂಕ' ಅಂತ ಇನ್ನೊಂದು ಕಾಲಂ ಇದೆ, ಅಲ್ಲಿ ಏನಂತ ಬರೀಲಿ ಹೇಳಿ?